ಆಲ್ಡನ್‌ನ ಒಂಬತ್ತು ದಿನದ ಮೀನು

ಏಪ್ರಿಲ್ ಹದಿನಾಲ್ಕರ ಬೆಳಿಗ್ಗೆ ನಾನು ನೀರಿನ ಟ್ಯಾಂಕು ಹೊತ್ತ ಲಾರಿಯನ್ನು ಆಲ್ಡನ್ ಟೋಲಿಯ ಮೀನುಮನೆಯ ಮುಂದೆ ನಿಲ್ಲಿಸಿದೆ. ಅವನ ನಾಲ್ಕು ಸಾವಿರ ಟ್ರೌಟ್ ಮೀನುಗಳನ್ನು ಒರತೆಯ ತೊಟ್ಟಿಯಿಂದ ಹೊಳೆಯ ಪಕ್ಕದ ಕೊಳಕ್ಕೆ ಸಾಗಿಸಬೇಕಿತ್ತು. ಹೋದ ವರ್ಷ ಆ ಹೊಳೆನೀರಿನಿಂದ ಬಂದ, ಮೈಯಲ್ಲಿ ಹುಣ್ಣೇಳಿಸುವ ಕುರುರೋಗ ಅವನ ಮೀನುಗಳಲ್ಲಿ ಅರ್ಧವನ್ನು ತಿಂದುಹಾಕಿತ್ತು. ಈ ಸಲ ಒಂದೊಂದಕ್ಕೂ ಲಸಿಕೆ ಚುಚ್ಚಿಸಿದ್ದ. ಇವೂ ಹೋದರೆ ಕೊಳ ಮುಚ್ಚುವುದೇ ಸೈ ಎಂದಿದ್ದ.

"ಚುಚ್ಚಿಸಿ ಒಂಬತ್ತೇ ದಿನ ಅಲ್ವೇನೋ?" ಅಂದೆ.

"ಬರೀ ದಿನ ಯಾವನು ಎಣಿಸ್ತಾನೆ! ನೀರಿನ ಶಾಖಾನ ದಿನದಿಂದ ಗುಣಿಸ್ಬೇಕು. ನಾನೂರು ದಾಟಿದ್ರೆ ಮೀನು ಗಟ್ಟಿ ಅಂತ ಲಸಿಕೆ ಚೀಟೀಲೇ ಇದೆ. ನೀರು ನಲವತ್ತೈದು ಡಿಗ್ರಿ. ಒಂಬತ್ತರಿಂದ ಗುಣಿಸು, ನಾನೂರೈದು!"

ತೊಟ್ಟಿಯ ಬಳಿ ಕುಳಿತಿದ್ದ ಅವನ ಅಕ್ಕನ ಮಗಳು, ಮೀನುಡಾಕ್ಟರು ಗ್ರೇಟಾ, ಕೈಯಲ್ಲಿದ್ದ ಬಲೆ ಬೀಳಿಸಿ ನಕ್ಕಳು.

"ಮಾವ, ನಿನ್ನ ಶಾಖ ನೋಡೋ ಕಡ್ಡಿ ಫ್ಯಾರನ್‌ಹೀಟ್‌ದು. ಚೀಟಿ ಲೆಕ್ಕ ಸೆಲ್ಸಿಯಸ್‌ದು. ಅದರಲ್ಲಿ ನಲವತ್ತೈದಾಗಿದ್ರೆ ಇಷ್ಟೊತ್ತಿಗೆ ಮೀನು ಸಾರಾಗಿರ್ತಿತ್ತು! ನಿನ್ನ ನೀರು ಏಳೇ ಡಿಗ್ರಿ. ಒಂಬತ್ತೇಳ್ಲಿ ಅರವತ್ಮೂರು."

"ಲಸಿಕೆ ಒಳಗೆ ಹೋಗಿದೆಯಲ್ಲೇ?"

"ಹೋದ್ರೆ ಸಾಲ್ದು. ಮೀನಿನ ತಲೆ ಹಿಂದೆ, ಕಿಡ್ನಿ ಮುಂಭಾಗದಲ್ಲಿ, ರೋಗದ ಜೊತೆ ಹೋರಾಡೋ ಎಳೆ ರಕ್ತಕಣಗಳಿರ್ತವೆ. ಲಸಿಕೆಯಿಂದ ರೋಗದ ಗುರುತು ಸಿಕ್ಕಿದ್ಮೇಲೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ, ಮೈ ತುಂಬ್ಕೊಂಡು, ರೋಗಾಣುಗೆ ಅಂಟ್ಕೊಳ್ಳೋ ಪ್ರತಿಕಾಯ ಸುರಿಸೋಕೆ ಶುರು ಮಾಡ್ತವೆ. ತಣ್ಣೀರಲ್ಲಿ ಅದೆಲ್ಲ ನಿಧಾನ. ನಾನೂರು ಮುಟ್ಬೇಕಂದ್ರೆ ಜೂನ್ ಒಂದರವರೆಗೂ ಕಾಯಿ."

"ಚಳೀಲಿ ನನ್ನ ಬ್ರೆಡ್ ಹಿಟ್ಟು ಉಬ್ಬೋದೂ ಹಂಗೇ," ಎಂದಳು ಆಲ್ಡನ್‌ನ ಹೆಂಡತಿ ವರ್ನಾ ಬಾಗಿಲಿನಿಂದ. "ಇವನು ಮಾತ್ರ 'ಆಯ್ತಾ, ಆಯ್ತಾ' ಅಂತ ಪ್ರಾಣ ತಿಂತಾನೆ."

ಆಲ್ಡನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಶನಿವಾರ ಕೊಳದಲ್ಲಿ ಗಾಳ ಹಾಕೋಕೆ ಬನ್ನಿ ಅಂತ ಹೋಟೆಲ್ ಗೋಡೆಗೆ ಚೀಟಿ ಅಂಟಿಸಿದೀನಲ್ಲೇ! ಊರೆಲ್ಲಾ ನಗುತ್ತೆ."

"ಊರು ನಗಲಿ, ಮೀನು ಬದುಕಲಿ," ಎಂದಳು ಗ್ರೇಟಾ.

ಅವನು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. ಆಮೇಲೆ ಹೋಟೆಲಿಗೆ ಬಿಡು ಎಂದು ನನ್ನ ಖಾಲಿ ಲಾರಿ ಹತ್ತಿ ಕುಳಿತ.

ಹೋಟೆಲಿನಲ್ಲಿ ಅವನು ಹಳೆಯ ಚೀಟಿ ಕಿತ್ತು, ಜೂನ್ ಒಂದು ಎಂದು ಬರೆದು ಅಂಟಿಸುತ್ತಿದ್ದಂತೆ ಅಲ್ಲಿ ಕೂತಿದ್ದ ಹೈನುಗಾರ ರೈತರೆಲ್ಲ ಕಾಫಿ ಬಿಟ್ಟು ತಿರುಗಿದರು.

"ಏನಾಯ್ತೋ ಆಲ್ಡನ್? ಮೀನು ಓಡಿಹೋದ್ವಾ?"

ಅವನು ನನ್ನತ್ತ ನೋಡಿದ. ನಾನು ತಟ್ಟೆಯ ಮೇಲೆ ಬಗ್ಗಿ ಸೇಬಿನ ಪೈ ತಿನ್ನುವುದರಲ್ಲಿ ಮಗ್ನನಾದೆ.

"ನೀರು ಏಳೇ ಡಿಗ್ರಿ ಕಣಪ್ಪ, ಸೆಲ್ಸಿಯಸ್," ಎಂದ ಆಲ್ಡನ್, ಹುಟ್ಟಿದಾಗಿನಿಂದ ತಿಳಿದಿದ್ದವನ ಗತ್ತಿನಲ್ಲಿ. "ತಣ್ಣೀರಲ್ಲಿ ಕಣ ಬಲಿಯೋಕೆ ಟೈಮ್ ಹಿಡಿಯುತ್ತೆ. ನಿಮಗೆಲ್ಲಿ ಗೊತ್ತಾಗ್ಬೇಕು?"

ಆಮೇಲೆ ಕುರ್ಚಿ ಎಳೆದು ಕುಳಿತು, ಕಾಗದದ ಕರವಸ್ತ್ರದ ಮೇಲೆ ಮೀನಿನ ಕಿಡ್ನಿಯ ಚಿತ್ರ ಬಿಡಿಸತೊಡಗಿದ.