ಮಂಜಿನಲ್ಲಿ ಬಿಟ್ಟ ಹುಡುಗಿ

ಪುಸ್ತಕದಂಗಡಿಯಲ್ಲಿ ಲೇಖಕಿಯರ ಸಹಿಗೆಂದು ನಿಂತ ಸಾಲಿನಲ್ಲಿ ಮುಂದೆ ಇನ್ನೂ ನಾಲ್ಕೈದು ಜನ ಇರುವಾಗ ಅವಳು ಕತ್ತು ಚಾಚಿ ನೋಡಿದಳು. ಮೇಜಿನ ಹಿಂದೆ ಎರಡು ಕುರ್ಚಿ, ಮೇಜಿನ ಮೇಲೆ ಎರಡು ನೀರಿನ ಲೋಟ, ಎರಡು ಪೆನ್ನು. ಕೂತವರು ಮಾತ್ರ ಒಬ್ಬರೇ. ನರೆತ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡ, ಕೂತಿದ್ದರೂ ನಿಂತ ಹಾಗೆ ಕಾಣುವ ಎತ್ತರದ ಹೆಂಗಸು. ಪಕ್ಕದ ಕುರ್ಚಿಯ ಮೇಲೆ ಅವರ ಕೈಚೀಲ ಇತ್ತು.

"ಇನ್ನೊಬ್ಬರು ಸಹಿಗೂ ಬರಲಿಲ್ವಾ?" ಎಂದು ಅವಳು ಮುಂದಿದ್ದ ಶಾಲೆಯ ಹುಡುಗಿಯನ್ನು ಕೇಳಿದಳು.

"ಮೈ ಹುಷಾರಿಲ್ವಂತೆ ಆಂಟಿ."

ಆಂಟಿ ಎಂಬ ಮಾತು ಚುರುಕ್ಕೆಂದರೂ ಅವಳು ನುಂಗಿಕೊಂಡಳು. ಆ ಸಾಲಿನಲ್ಲಿ ಯೂನಿಫಾರ್ಮ್ ತೊಡದೆ, ಮಗಳನ್ನೂ ಕರೆತರದೆ ನಿಂತಿದ್ದವಳು ಅವಳೊಬ್ಬಳೇ.

ಮನೆಯಲ್ಲಿ ಅವಳನ್ನು ಕರೆಯುವುದು ಗೆದ್ದಲು ಎಂದು. ಹೆಸರಿಟ್ಟವಳು ಅಮ್ಮ. ಕಾಗದ ಕಂಡರೆ ಹತ್ತುತ್ತಾಳೆ, ಹತ್ತಿದರೆ ಮುಗಿಸದೆ ಇಳಿಯುವುದಿಲ್ಲ ಎಂಬುದು ಅಮ್ಮನ ವಾದ. ಹಾಲು ಉಕ್ಕಿ ಒಲೆ ಆರಿಹೋದರೂ ತಲೆ ಎತ್ತದ ಮಗಳಿಗೆ ಬೇರೆ ಹೆಸರು ಒಪ್ಪುವಂತೆಯೂ ಇರಲಿಲ್ಲ. ಇಪ್ಪತ್ತಾರು ತುಂಬಿತ್ತು, ಹಲ್ಲಿನ ಡಾಕ್ಟರ ಬಳಿ ಸಹಾಯಕಿಯ ಕೆಲಸ ಇತ್ತು. ಆದರೂ ಅವಳು ಓದುತ್ತಿದ್ದುದು ಹದಿನಾಲ್ಕು ಹದಿನೈದರ ಮಕ್ಕಳಿಗೆಂದು ಬರೆದ ಕಾದಂಬರಿಗಳನ್ನೇ. "ಎಲ್ಲರೂ ವಯಸ್ಸಿಗೆ ಬರ್ತಾರೆ, ನನ್ನ ತಂಗಿ ಮಾತ್ರ ಪುಟ ತಿರುಗಿಸ್ತಾ ಅಲ್ಲೇ ಕೂತಿದಾಳೆ" ಎಂದು ಅಣ್ಣ ಬಂದ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದ. ದೊಡ್ಡವರ ಕಾದಂಬರಿಗಳನ್ನೂ ಅವಳು ಓದಿ ನೋಡಿದ್ದಳು. ಅವುಗಳಲ್ಲಿ ಜನ ಎಲ್ಲ ಆಗಿಹೋದ ಮೇಲೆ ಕೂತು ಯೋಚಿಸುತ್ತಿದ್ದರು. ಇವುಗಳಲ್ಲಿ ಎಲ್ಲವೂ ಮೊದಲ ಸಲ ಆಗುತ್ತಿತ್ತು. ಮೊದಲ ಸುಳ್ಳು, ಮೊದಲ ಸಾವು, ಮನೆ ಬಿಟ್ಟು ಹೊರಗಿಟ್ಟ ಮೊದಲ ಹೆಜ್ಜೆ.

ಎಲ್ಲಕ್ಕಿಂತ ಹೆಚ್ಚಾಗಿ ಅವಳು ಓದಿ ಓದಿ ಸವೆಸಿದ್ದು ದೋಣಿಯ ಹುಡುಗಿಯ ಮೂರು ಪುಸ್ತಕಗಳನ್ನು. ಜಗಳವಾಡಿಕೊಂಡು ಮಾತು ಬಿಟ್ಟ ಎರಡು ದಡಗಳು, ನಡುವೆ ದೋಣಿ ನಡೆಸುವ ಹುಡುಗಿ, ಆಚೆ ದಡದಲ್ಲಿ ಸಿಕ್ಕಿಕೊಂಡ ಅವಳ ತಮ್ಮ, ಒಂದು ಮುದಿ ನಾಯಿ. ಮೂರನೆಯದರ ಕೊನೆಯಲ್ಲಿ ಹುಡುಗಿ ಹಗ್ಗ ಕತ್ತರಿಸಿ ದೋಣಿಯನ್ನು ಮಂಜಿನೊಳಕ್ಕೆ ನೂಕುತ್ತಾಳೆ. ಅಲ್ಲಿಗೆ ಕಥೆ ನಿಂತಿತ್ತು. ಬರೆದವರು ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಇಬ್ಬರು ಗೆಳತಿಯರು. ಪುಸ್ತಕದ ಹಿಂಬದಿಯ ಚಿತ್ರದಲ್ಲಿ ಒಬ್ಬರು ತೆಂಗಿನ ಮರ, ಇನ್ನೊಬ್ಬರು ಅದರ ಬುಡದಲ್ಲಿಟ್ಟ ಕೊಡ. ಗೆದ್ದಲು ಶಾಲೆಯಲ್ಲಿದ್ದಾಗಲೇ ಅವರಿಗೆ ಉದ್ದಕ್ಕ, ಗಿಡ್ಡಕ್ಕ ಎಂದು ಹೆಸರಿಟ್ಟಿದ್ದಳು. ಕ್ಲಿನಿಕ್ಕಿನಲ್ಲಿ ಸೂಜಿ ಕಂಡು ಬಾಯಿ ಬಿಗಿಯುವ ಮಕ್ಕಳಿಗೆ ಅವಳು ಹೇಳುತ್ತಿದ್ದುದೂ ಇದೇ ಕಥೆ. ದೋಣಿ ನಡುನೀರಿಗೆ ಬರುವ ಹೊತ್ತಿಗೆ ಮಕ್ಕಳ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಡಾಕ್ಟರು ಮರಗಟ್ಟಿಸುವ ಮದ್ದಿಗೆ ಕೊಡುವಷ್ಟೇ ಮರ್ಯಾದೆಯನ್ನು ದೋಣಿಯ ಹುಡುಗಿಗೂ ಕೊಡುತ್ತಿದ್ದರು.

ಸಹಿ ಶುರುವಾಗುವ ಮೊದಲು ಒಬ್ಬ ಹುಡುಗಿ ಎದ್ದು ನಿಂತು, "ನಾಲ್ಕನೇದು ಯಾವಾಗ ಬರುತ್ತೆ ಮೇಡಂ?" ಎಂದು ಕೇಳಿದ್ದಳು. ಉದ್ದಕ್ಕ ಲೋಟದ ನೀರು ಕುಡಿದು, "ಬರಲ್ಲಮ್ಮ" ಎಂದಿದ್ದರು. ಅಷ್ಟೇ. ಹೊಸ ಹೊದಿಕೆಯಲ್ಲಿ ಅಚ್ಚಾಗಿ ಬಂದ ಹಳೆಯ ಪುಸ್ತಕಗಳನ್ನು ಎದೆಗವಚಿಕೊಂಡು ಕೂತಿದ್ದ ಮಕ್ಕಳು ಒಟ್ಟಿಗೆ ಉಸಿರುಬಿಟ್ಟ ಸದ್ದು ಹಿಂದಿನ ಸಾಲಿಗೂ ಕೇಳಿಸಿತ್ತು.

ಅವಳ ಸರದಿ ಬಂತು. ಬಸ್ಸಿನಲ್ಲಿ ಬರುವಾಗ ಉರು ಹೊಡೆದಿದ್ದ ಮಾತುಗಳೆಲ್ಲ ಕೈಕೊಟ್ಟವು. ಬಾಯಿಗೆ ಬಂದದ್ದು ಬೇರೆಯೇ.

"ನಾಯಿ ಸಾಯೋ ಅಧ್ಯಾಯ ನೀವು ಬರೆದಿದ್ದಲ್ಲ, ಅಲ್ವಾ ಮೇಡಂ?"

ಉದ್ದಕ್ಕನ ಪೆನ್ನು ನಿಂತಿತು. "ಯಾರು ಹೇಳಿದ್ರು?"

"ಯಾರೂ ಇಲ್ಲ. ನೀವು ಬರೆದರೆ ಮಳೆ ಬರುತ್ತೆ. ಅವರು ಬರೆದರೆ ಯಾರಿಗಾದ್ರೂ ಹಸಿವಾಗುತ್ತೆ. ನಾಯಿ ಸತ್ತ ದಿನ ಹುಡುಗಿ ಅಳಲ್ಲ, ರೊಟ್ಟಿ ತಿಂತಾಳೆ. ತಿಂದಿದ್ದಕ್ಕೆ ನಾಚಿಕೆ ಪಟ್ಕೊಳ್ತಾಳೆ. ಅದು ಅವರೇ."

ಉದ್ದಕ್ಕ ತಲೆ ಎತ್ತಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಹಿಂದಿದ್ದ ಯಾರೋ ತಾಯಿ, "ಬೇಗ ಬೇಗ" ಎಂದಳು. ಪುಸ್ತಕಕ್ಕೆ ಸಹಿ ಬೀಳಲಿಲ್ಲ. ಉದ್ದಕ್ಕ ಅದನ್ನು ಮುಚ್ಚಿ ತಮ್ಮ ಮೊಣಕೈ ಬಳಿ ಇಟ್ಟುಕೊಂಡರು. "ಅವಸರ ಇಲ್ಲ ತಾನೆ? ಎಲ್ಲ ಮುಗಿಯೋವರೆಗೂ ಇರು."

ಕಾಲು ನೆಲದ ಮೇಲಿರಲಿಲ್ಲ. ಅಡುಗೆ ಪುಸ್ತಕಗಳ ಕಪಾಟಿನ ಮುಂದೆ ನಿಂತು ಅವಳು ಒಂದೇ ಬೆನ್ನುಡಿಯನ್ನು ಮತ್ತೆ ಮತ್ತೆ ಓದಿದಳು. ಏನು ಓದಿದಳೋ ದೇವರೇ ಬಲ್ಲ. ಕಡೆಯ ಮಗು ಮೆಟ್ಟಿಲಿಳಿದು ಹೋದ ಮೇಲೆ ಉದ್ದಕ್ಕ ಕೈಚೀಲ ಎತ್ತಿಕೊಂಡು ಬಂದರು. ಮೇಜಿನ ಹಿಂದೆ ಇದ್ದ ಠೀವಿ ಈಗ ಇರಲಿಲ್ಲ. ಬೆನ್ನು ಸ್ವಲ್ಪ ಬಾಗಿತ್ತು.

"ನನ್ನ ಗೆಳತೀನೂ ಬಂದಿದಾಳೆ. ಒಳಗಡೆ ಕೂತಿದಾಳೆ" ಎಂದರು. "ಮೈಯೇನೋ ಚೆನ್ನಾಗಿಯೇ ಇದೆ. ಮರೆವು. ಬರೆದಿದ್ದೆಲ್ಲ ಹೋಗಿಬಿಟ್ಟಿದೆ. ಜನರನ್ನ ನೋಡಿದರೆ ಏನಾದ್ರೂ ಹೊಳೆಯುತ್ತೇನೋ ಅಂತ ಕರ್ಕೊಂಡು ಬಂದೆ. ಅಷ್ಟು ಜನ ಕಂಡು ಹೆದರಿಬಿಟ್ಟಳು."

ಗೆದ್ದಲು ಕೈಯಲ್ಲಿದ್ದ ಅಡುಗೆ ಪುಸ್ತಕವನ್ನು ಕಪಾಟಿಗೆ ಸೇರಿಸಿದಳು.

"ನಾನು ಓದಿ ಹೇಳಿದರೆ ಸಿಟ್ಟು ಮಾಡ್ಕೊಳ್ತಾಳೆ. ಪರೀಕ್ಷೆ ಮಾಡ್ತಿದೀನಿ ಅಂದ್ಕೊಳ್ತಾಳೆ. ನಾನು ಮೇಷ್ಟರ ದನಿಯವಳು ನೋಡು." ಉದ್ದಕ್ಕ ನಕ್ಕರು. ನಗು ತುಟಿಯಲ್ಲೇ ನಿಂತಿತು. "ನೀನು ಹೇಳ್ತೀಯಾ? ಓದೋದು ಬೇಡ. ಸುಮ್ಮನೆ ಕಥೆ ಹೇಳು."

ಒಳಗಿನ ಕೋಣೆ ಪುಸ್ತಕದ ಪೆಟ್ಟಿಗೆಗಳ ಗೋದಾಮು. ಕಿಟಕಿಯ ಬಳಿ ಒಂದು ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ಗಿಡ್ಡಕ್ಕ ಕೂತಿದ್ದರು. ಚಿತ್ರದಲ್ಲಿದ್ದುದಕ್ಕಿಂತ ಚಿಕ್ಕವರಾಗಿದ್ದರು. ಕೆನ್ನೆ ಮಾತ್ರ ಅದೇ, ಎರಡೂ ಬದಿಗೆ ಏನೋ ಅಡಗಿಸಿಟ್ಟುಕೊಂಡ ಹಾಗೆ.

"ಬಾ ಮಗೂ, ಊಟ ಆಯ್ತಾ?" ಎಂದರು.

"ಆಯ್ತು ಮೇಡಂ."

"ಸುಳ್ಳು. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಗೆದ್ದಲು ಹದಿಮೂರನೆಯ ವಯಸ್ಸಿನಿಂದ ಇವರು ಬರೆದ ಸಾಲುಗಳನ್ನು ಜೊತೆಗಿಟ್ಟುಕೊಂಡು ಬದುಕಿದ್ದಳು. ಅಪ್ಪ ತೀರಿಕೊಂಡ ದಿನ ಮನೆ ತುಂಬ ಜನ ಇದ್ದಾಗ ಅವಳಿಗೆ ಹಸಿವಿನಿಂದ ಹೊಟ್ಟೆ ಚುರುಗುಟ್ಟಿತ್ತು. ತಾನೆಂಥ ಪಾಪಿ ಎಂದು ಬಚ್ಚಲಮನೆಯ ಬಾಗಿಲು ಹಾಕಿಕೊಂಡವಳಿಗೆ, ನಾಯಿ ಸತ್ತ ದಿನ ರೊಟ್ಟಿ ತಿಂದ ಹುಡುಗಿ ನೆನಪಾಗಿ ಬಾಗಿಲು ತೆಗೆಯುವ ಧೈರ್ಯ ಬಂದಿತ್ತು. ಅದನ್ನು ಹೇಳಿ ಕೈ ಮುಗಿಯಬೇಕೆಂದೇ ಇಷ್ಟು ದೂರ ಬಂದಿದ್ದಳು. ಈಗ ಹೇಳಿದರೆ ಆ ಮುಖದಲ್ಲಿ ಗಾಬರಿ ಮೂಡುತ್ತದೆ ಎನ್ನುವುದು ಅವಳಿಗೆ ಗೊತ್ತಾಯಿತು. ಮಾತನ್ನು ಒಳಗೇ ಇಟ್ಟುಕೊಂಡು ಒಂದು ಪೆಟ್ಟಿಗೆ ಎಳೆದು ಕೂತಳು.

"ಒಂದು ಕಥೆ ಹೇಳ್ಲಾ?"

"ಚೆನ್ನಾಗಿದ್ರೆ ಹೇಳು. ಇಲ್ದಿದ್ರೆ ನನಗೆ ನಿದ್ದೆ ಬರುತ್ತೆ, ಆಮೇಲೆ ಬೇಜಾರು ಮಾಡ್ಕೋಬಾರದು."

ಅವಳು ಹೇಳಿದಳು. ಕ್ಲಿನಿಕ್ಕಿನ ಕುರ್ಚಿಯ ಪಕ್ಕ ನಿಂತು ಹೇಳುವ ಹಾಗೆಯೇ, ನದಿಯಿಂದ ಶುರುಮಾಡಿ. ಗಿಡ್ಡಕ್ಕ ಕಿಟಕಿಯ ಕಡೆ ನೋಡುತ್ತಿದ್ದವರು ಹುಡುಗಿ ಮೊದಲ ಸಲ ಹುಟ್ಟು ಹಿಡಿದಾಗ ಇತ್ತ ತಿರುಗಿದರು. ತಮ್ಮ ಆಚೆ ದಡಕ್ಕೆ ಹೋದಾಗ, "ಅಯ್ಯೋ, ಕಳಿಸಬಾರದಿತ್ತು" ಎಂದರು. ಸುಂಕದ ಅಧಿಕಾರಿ ಕೆಸರಿನಲ್ಲಿ ಜಾರಿ ಬಿದ್ದಾಗ ಕೆನ್ನೆ ಕುಲುಕಿಸಿ ನಕ್ಕರು. ನಾಯಿ ಸತ್ತಾಗ ಸೆರಗಿನಿಂದ ಮೂಗು ಒರೆಸಿಕೊಂಡರು.

"ಯಾರು ಬರೆದಿದ್ದು ಇದು?"

ಗೆದ್ದಲು ಬಾಗಿಲ ಕಡೆ ನೋಡಿದಳು. ಉದ್ದಕ್ಕ ಗೋಡೆಗೊರಗಿ ನಿಂತಿದ್ದರು, ಅಲುಗಲಿಲ್ಲ.

"ಇಬ್ಬರು ಸೇರಿ ಬರೆದಿದ್ದು."

"ಜಾಣರು" ಎಂದರು ಗಿಡ್ಡಕ್ಕ. "ಜೀವ ಇಟ್ಟು ಬರೆದಿದಾರೆ. ಹೂಂ, ಮುಂದೆ?"

ಮುಂದಿನದನ್ನೂ ಹೇಳಿದಳು. ಹಗ್ಗ ಕತ್ತರಿಸಿದ್ದಾಯಿತು, ದೋಣಿ ಮಂಜಿನೊಳಗೆ ಹೋಯಿತು. ಅವಳು ನಿಲ್ಲಿಸಿದಳು.

"ಆಮೇಲೆ?"

"ಅಷ್ಟೇ ಬರೆದಿರೋದು ಮೇಡಂ."

"ಅಷ್ಟೇನಾ?" ಗಿಡ್ಡಕ್ಕ ಪೆಟ್ಟಿಗೆಯ ಮೇಲಿಂದ ಕಾಲು ಕೆಳಗಿಳಿಸಿದರು. "ಎಂಥ ಜನ ಅವರು? ಕೂಸನ್ನ ಮಂಜಲ್ಲಿ ಬಿಟ್ಟು ಮನೆಗೆ ಹೋಗಿ ಮಲಗಿಬಿಟ್ರಾ?"

ಗಿಡ್ಡಕ್ಕ ಹುಬ್ಬು ಗಂಟಿಕ್ಕಿ, ಸಿಟ್ಟಿನಿಂದಲೇ ಎಂಬಂತೆ ಶುರುಮಾಡಿದರು. "ಅವಳು ಹುಟ್ಟು ಹಾಕೋದು ನಿಲ್ಲಿಸ್ತಾಳೆ. ಮಂಜಲ್ಲಿ ಕಣ್ಣು ಯಾವ ಕೆಲಸಕ್ಕೂ ಬರಲ್ಲ. ಕಿವಿ ಬೇಕು. ಸುಮ್ಮನೆ ಕೂತ್ಕೊಳ್ತಾಳೆ. ಆಗ ಆಚೆ ದಡದಲ್ಲಿ ಯಾರೋ ಪಾತ್ರೆ ತಿಕ್ಕೋ ಸದ್ದು ಕೇಳುತ್ತೆ. ಅವಳ ತಮ್ಮ. ಅವನು ತಿಕ್ಕಿದರೆ ಹಾಗೇ, ಒಂದು ಸಲ ಜೋರು, ಎರಡು ಸಲ ಮೆತ್ತಗೆ. ಮನೇಲಿ ದಿನಾ ಬೈಸ್ಕೊಳ್ತಿದ್ದ."

ಗೆದ್ದಲು ಕೂತಲ್ಲೇ ಮುಂದಕ್ಕೆ ಬಾಗಿದಳು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

"ಅವನ ಕೈ ಸುಟ್ಟಿತ್ತಲ್ಲ" ಎಂದರು ಬಾಗಿಲಲ್ಲಿದ್ದ ಉದ್ದಕ್ಕ, ಹೆದರಿ ಹೆದರಿ. "ಪಾತ್ರೆ ಹೇಗೆ ತಿಕ್ತಾನೆ?"

"ಎಡಗೈಲಿ ತಿಕ್ತಾನೆ. ಅದಕ್ಕೇ ಒಂದು ಸಲ ಜೋರು."

"ಆಗ... ಮಳೆ ಬರ್ತಿರುತ್ತಾ?"

"ನಿನ್ನ ಮಳೆಗಿಷ್ಟು!" ಗಿಡ್ಡಕ್ಕ ಗದರಿದರು. "ಮಂಜು ಕವಿದಿದೆ ಅಂತ ಈ ಮಗು ಈಗ ತಾನೆ ಹೇಳ್ತು. ಮಳೆ ಎಲ್ಲಿಂದ ತರ್ತೀಯ? ಎಷ್ಟು ಸಲ ಹೇಳ್ಬೇಕು ನಿಂಗೆ?"

ಉದ್ದಕ್ಕನ ಕೈಯಿಂದ ಕೈಚೀಲ ಜಾರಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಪೆಟ್ಟಿಗೆಗಳನ್ನು ದಾಟಿ ಬಂದು ಗೆಳತಿಯ ಎದುರು ನೆಲದ ಮೇಲೇ ಕುಕ್ಕರುಬಡಿದರು. "ಸರಿ ಮಾರಾಯ್ತಿ, ಮಳೆ ಬೇಡ. ಗಾಳಿನಾದ್ರೂ ಇರ್ಲಿ. ಗಾಳಿ ಇಲ್ದೆ ದೋಣಿ ಹೇಗೆ ಹೋಗುತ್ತೆ?"

"ನೀರು ಹರಿಯಲ್ವೇನೇ? ನೀನು ಯಾವತ್ತಾದ್ರೂ ನದಿ ನೋಡಿದ್ದೀಯಾ?"

"ನಿನ್ನ ಜೊತೆಗೇ ನೋಡಿದ್ದು. ನಡುನೀರಲ್ಲಿ ವಾಂತಿ ಮಾಡಿದವಳು ನೀನು."

"ನಾನಾ? ಸುಳ್ಳಿಗೊಂದು ಮಿತಿ ಬೇಡ್ವಾ?"

ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬೀಳತೊಡಗಿದರು. ಈ ಕ್ಷಣ ಎಷ್ಟು ಹೊತ್ತು ನಿಲ್ಲುತ್ತದೋ ಯಾರಿಗೂ ಗೊತ್ತಿರಲಿಲ್ಲ. ಉದ್ದಕ್ಕನಿಗಂತೂ ಗೊತ್ತಿರಲಿಲ್ಲ. ಒಂದು ಪ್ರಶ್ನೆ ಮುಗಿಯುವ ಮೊದಲೇ ಇನ್ನೊಂದು ಕೇಳುತ್ತಿದ್ದರು, ಆರುತ್ತಿರುವ ಒಲೆಗೆ ಪುಳ್ಳೆ ಒಡ್ಡುವವರ ಹಾಗೆ. ಗೆದ್ದಲು ಅವರ ಮೂರೂ ಪುಸ್ತಕಗಳನ್ನು ಅದೆಷ್ಟು ಸಲ ಓದಿದ್ದಳೋ. ಆದರೆ ಅವು ಹೀಗೆ, ಬೈಗುಳದ ಜೊತೆಯಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹುಟ್ಟಿದವು ಎಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

ಹುಡುಗಿ ದಡ ಮುಟ್ಟುತ್ತಾಳೋ ಇಲ್ಲವೋ ಕೇಳಬೇಕೆಂದು ಜೀವ ತಹತಹಿಸುತ್ತಿತ್ತು. ಆದರೂ ಅವಳು ಸದ್ದಾಗದಂತೆ ಎದ್ದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಅಂಗಡಿ ಖಾಲಿಯಾಗಿತ್ತು. ಅಂಗಡಿಯವರು ಕಿಟಕಿಗಳನ್ನು ಹಾಕಿ, ಬೀಗದಕೈ ಗೊಂಚಲು ಝಣಗುಟ್ಟಿಸುತ್ತ ಇತ್ತಲೇ ಬಂದರು. "ಮುಗೀತೇನಮ್ಮ? ನಾನು ಮನೆಗೆ ಹೋಗ್ಬೇಕು."

ಗೆದ್ದಲು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ತುಟಿಯ ಮೇಲೆ ಬೆರಳಿಟ್ಟಳು. ಅಂಗಡಿಯವರು ಅವಳ ಬರಿಗಾಲನ್ನು ನೋಡಿದರು, ಅವಳ ಮುಖ ನೋಡಿದರು. ಒಳಗಿಂದ ಇಬ್ಬರು ಮುದುಕಿಯರು ಜಗಳವಾಡುವ ಸದ್ದು, ನಡುವೆ ಒಂದು ನಗು. ಅವರು ಗೊಂಚಲನ್ನು ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿಕೊಂಡು, ಪಕ್ಕದ ಸ್ಟೂಲನ್ನು ಇನ್ನೊಂದು ಕೈಯಿಂದ ಎತ್ತಿ, ನೆಲಕ್ಕೆ ತಾಗಿದ ಸದ್ದೂ ಆಗದ ಹಾಗೆ ಇಟ್ಟು ಕೂತರು.