ಅಂಗಾಲಡಿಯ ಎಲೆ

ಗದ್ದುಗೆಯ ಮೇಲೆ ಕುಳಿತ ಹುಡುಗನ ಅಂಗಾಲಿಗೂ ನೆಲಕ್ಕೂ ನಡುವೆ ಒಂದು ವೀಳ್ಯದೆಲೆ. ಕಣ್ಣು ಮುಚ್ಚಿದರೆ ನನಗೆ ಈಗಲೂ ಮೊದಲು ಕಾಣುವುದು ಅದೇ.

ನಮ್ಮ ದೊರೆ ಚೆಲುವರಾಯ ಪಟ್ಟಕ್ಕೆ ಬಂದಾಗ ಅವನಿಗೆ ಐದು ವರ್ಷ. ತಾಯಿ ಹೆರಿಗೆಯಲ್ಲೇ ಹೋಗಿದ್ದರು, ತಂದೆ ಯುದ್ಧದಲ್ಲಿ. ಅವನ ಪರವಾಗಿ ನಾಡನ್ನು ನೋಡಿಕೊಂಡವರು ಮುದಿ ದಳವಾಯಿ ಕೆಂಪರಸಯ್ಯ. ಮುದ್ರೆಯುಂಗುರ ಅವರ ಬೆರಳಲ್ಲಿತ್ತು. ಹುಡುಗನಿಗೆ ಅನ್ನ ಕಲಸುವಾಗ ಮಾತ್ರ ಅದನ್ನು ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ನಮ್ಮಲ್ಲಿ ಹಳೆಯ ಕಟ್ಟಳೆಯೊಂದಿತ್ತು. ಪ್ರತಿ ಯುಗಾದಿಯಂದು ಊರ ಹಿರಿಯರು ದೊರೆಯ ಕಾಲಡಿ ಎಲೆಯಿಟ್ಟು ಎಳೆಯುವರು. ಸಲೀಸಾಗಿ ಬಂದರೆ ದೊರೆ ಇನ್ನೂ ಮಗು. ಅಂಗಾಲು ಎಲೆಯನ್ನು ಒತ್ತಿ ಹಿಡಿದರೆ ಅಂದೇ ಉಂಗುರ ಅವನದು. ಅಲ್ಲಿಯವರೆಗೆ ಆಳಿದವನು ಹೊತ್ತು ಮುಳುಗುವ ಮುನ್ನ ಹೊಳೆ ದಾಟಬೇಕು, ಮತ್ತೆ ಈಚೆ ದಡಕ್ಕೆ ಬರಬಾರದು.

ನಾನು ಅರಮನೆಯ ಬಡಗಿ. ಹಲಸಿನ ಮರದ ಆ ಗದ್ದುಗೆಯ ಆರೈಕೆ ನನ್ನದು. ಹುಡುಗನಿಗೆ ಹನ್ನೊಂದು ತುಂಬಿದ ವರ್ಷ, ಹಬ್ಬಕ್ಕೆ ಎಂಟು ದಿನವಿರುವಾಗ, ಅವನು ಒಬ್ಬನೇ ನನ್ನ ಕೆಲಸದ ಕೊಟ್ಟಿಗೆಗೆ ಬಂದು ಮರದ ಹೊಟ್ಟಿನ ರಾಶಿಯ ಮೇಲೆ ಕುಳಿತ. ಬಹಳ ಹೊತ್ತು ಉಳಿ, ಬಾಚಿಗಳ ಹೆಸರು ಕೇಳಿದ. ಆಮೇಲೆ ತಲೆಯೆತ್ತದೆ ಹೇಳಿದ.

"ಆಚಾರಪ್ಪ, ಗದ್ದುಗೆ ಕಾಲಿಗೆ ಗೆದ್ದಲು ಹಿಡಿದದೆ ಅನ್ನು. ಹೊಸ ಕಾಲು ಹಾಕು. ಹಳೇದಕ್ಕಿಂತ ಎರಡು ಬೆರಳು ಉದ್ದ ಇರಲಿ."

ಅಧಿಕಾರದ ರುಚಿ ಕಂಡ ಮುದುಕ ಮಗುವಿನ ಬಾಯಲ್ಲಿ ಹೇಳಿಸುತ್ತಿದ್ದಾನೆ ಎಂದುಕೊಂಡೆ. ಕೇಳುವ ಧೈರ್ಯವಾಗಲಿಲ್ಲ. ಹಾಕಿಕೊಟ್ಟೆ.

ಯುಗಾದಿಯ ದಿನ ಹಿರಿಯರಾದ ಕಲ್ಲೇಗೌಡರು ಬಗ್ಗಿ ಎಳೆದರು. ಎಲೆ ನುಣ್ಣಗೆ ಜಾರಿ ಬಂತು. ಜನ ಗುಸುಗುಸು ಎಂದರು. ಹುಡುಗ ವರ್ಷದಲ್ಲಿ ಎಷ್ಟು ಬೆಳೆದಿದ್ದನೆಂಬುದು ಎಲ್ಲರಿಗೂ ಕಾಣುತ್ತಿತ್ತು. ಗೌಡರು ಸುಮ್ಮನೆ ಗದ್ದುಗೆಯ ಪಕ್ಕ ಕೂತು ಗೇಣು ಹಾಕಿದರು. ಲಾಗಾಯ್ತಿನಿಂದ ಎರಡು ಗೇಣಿದ್ದ ಗದ್ದುಗೆ ಎರಡು ಗೇಣು ಎರಡು ಬೆರಳಾಗಿತ್ತು.

"ಕುರ್ಚಿ ಬೆಳೀತದೆ, ಮಗ ಬೆಳೆಯಲ್ಲ. ಭೇಷಾಯ್ತು, ದಳವಾಯಿಗಳೇ," ಎಂದರು.

ಕೆಂಪರಸಯ್ಯ ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದ ಬೆರಗು ಕಂಡು, ನಾನೆಂಥ ತಪ್ಪು ತಿಳಿದಿದ್ದೆನೆಂದು ಆಗ ಹೊಳೆಯಿತು. ಅವರು ಹುಡುಗನತ್ತ ತಿರುಗಿದರು. ಅವನ ಗದ್ದ ಎದೆಗೆ ಅಂಟಿತ್ತು. ಮುದುಕರಿಗೆ ಎಲ್ಲ ತಿಳಿದುಹೋಯಿತು.

"ನಾನೇ ಮಾಡಿಸಿದ್ದು, ಗೌಡರೇ. ಆಚಾರಿಯದೇನೂ ತಪ್ಪಿಲ್ಲ," ಎಂದು ತಲೆಯ ಪೇಟ ಬಿಚ್ಚಿ ಕೈಯಲ್ಲಿ ಹಿಡಿದರು. ಮೂವತ್ತು ವರ್ಷ ಆ ಮನೆಗೆ ದುಡಿದ ತಲೆ. ಅಷ್ಟು ಜನರೆದುರು ಬೋಳಾಗಿ ನಿಂತಿತು.

ಆಗ ಹುಡುಗ ಗದ್ದುಗೆಯ ಅಂಚಿಗೆ ಜರುಗಿದ. ಇನ್ನೂ ಜರುಗಿ ಕಾಲು ಚಾಚಿ, ಗೌಡರ ಮುಂದಿದ್ದ ಎಲೆಯ ಮೇಲೆ ಅಂಗಾಲನ್ನು ಊರಿದ.

"ತಾತ ಸುಳ್ಳು ಹೇಳ್ತಾರೆ. ಮಾಡಿಸಿದ್ದು ನಾನು. ಇವರು ಹೊಳೆ ದಾಟಬಾರದು ಅಂತ," ಎಂದ. ದನಿ ಒಡೆಯಿತು, ಕಾಲು ಮಾತ್ರ ಕದಲಲಿಲ್ಲ. "ಈಗ ಎಳೀರಿ, ಗೌಡರೇ."

ಗೌಡರು ಎಳೆದರು. ಎಲೆ ಅರ್ಧಕ್ಕೆ ಹರಿದು ಕೈಗೆ ಬಂತು. ಅವರು ಅದನ್ನು ಹಿಡಿದುಕೊಂಡೇ ದಳವಾಯಿಗಳಿಗೆ ಕೈಮುಗಿದರು.

ಉಂಗುರ ಹುಡುಗನ ಬೆರಳಿಗೆ ಸಡಿಲವಾಗಿತ್ತು. ಕೆಂಪರಸಯ್ಯನವರೇ ಕೂತು ಅದಕ್ಕೆ ದಾರ ಸುತ್ತಿದರು, ನಿಧಾನವಾಗಿ, ಬೇಕಾದುದಕ್ಕಿಂತ ನಾಲ್ಕು ಸುತ್ತು ಹೆಚ್ಚಾಗಿಯೇ.

ಇಳಿಹೊತ್ತಿನಲ್ಲಿ ಅವರ ಗಂಟು ಹೊತ್ತು ಹೊಳೆಯವರೆಗೆ ಹೋದವನು ನಾನು. ದಾರಿಯುದ್ದಕ್ಕೂ ಕ್ಷಮೆ ಕೇಳಬೇಕೆಂದುಕೊಂಡೆ, ಆಗಲಿಲ್ಲ. ಗಂಟು ಇಸಿದುಕೊಂಡು ನೀರಿಗಿಳಿಯುವ ಮುನ್ನ ಅವರೇ ನಿಂತರು.

"ಎರಡೇ ಬೆರಳು ಯಾಕೆ ಹಾಕಿದೆಯೋ, ಆಚಾರಿ? ಒಂದು ಗೇಣು ಹಾಕಬಾರದಾಗಿತ್ತಾ," ಎಂದು ನಕ್ಕರು.

ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತ ಅವರು ಹಿಂದಿರುಗಿ ನೋಡಲಿಲ್ಲ. ಮತ್ತೆ ಸುತ್ತಿಕೊಂಡಿದ್ದ ಪೇಟದ ಮಡಿಕೆಯಲ್ಲಿ ಏನೋ ಹಸಿರಾಗಿ ಕಾಣುತ್ತಿತ್ತು: ಅರ್ಧ ವೀಳ್ಯದೆಲೆ, ಮೇಲೆ ಪುಟ್ಟ ಹಿಮ್ಮಡಿಯ ಮಣ್ಣು.