ಪರದೆ ಇಲ್ಲದ ಪೆಟ್ಟಿಗೆ

“ಇದೂ ಬೇಡ,” ಎಂದು ಓಡೀಲಿಯಾ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡಳು.

“ಇದಕ್ಕೇನೇ ಧಾಡಿ?” ಸೋದರಮಾವ ಎಲೋಯ್ ಹಣೆ ಚಚ್ಚಿಕೊಂಡ. “ಪರದೆ ನೋಡೇ ಹೇಗಿದೆ ಅಂತ. ಕನ್ನಡಿ ಇದ್ದ ಹಾಗಿದೆ.”

“ನೋಡ್ದೆ ಬಿಡು. ಮೂಗಿನ ಮೇಲೆ ಮೊಡವೆ ಎದ್ದಿದೆ ನಂಗೆ.”

ಕೌಂಟರಿನ ಹಿಂದಿದ್ದ ವರ್ಲಿನ್ ನಗಬೇಕೋ ಬಾರದೋ ತಿಳಿಯದೆ ಕೆಮ್ಮಿದ. ಒಂಬತ್ತನೇ ವಯಸ್ಸಿಗೆ ಜ್ವರದಲ್ಲಿ ಎರಡೂ ಕಣ್ಣು ಕಳೆದುಕೊಂಡವಳು ಓಡೀಲಿಯಾ. ಈಗ ಮೂವತ್ತೊಂದು. ಮಾವ ದಿನಕ್ಕೆ ಹತ್ತು ಸಲ ‘ನೋಡೇ’ ಅನ್ನುತ್ತಾನೆ, ಅವಳು ಹನ್ನೊಂದು ಸಲ ಅವನ ಕಾಲೆಳೆಯುತ್ತಾಳೆ. ಪಾಪ, ಹೊಸಬರಿಗೇ ಕಷ್ಟ.

ಆಲ್ಬುಕರ್ಕಿ ಊರಿನ ಸೆಂಟ್ರಲ್ ಬೀದಿಯಲ್ಲಿ ಹಳೆ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ ವರ್ಲಿನ್‌ನದು. ಚಿಕಾಗೋ ರೈಲಿಗೆ ಇನ್ನು ಒಂದೂಕಾಲು ಗಂಟೆಯಿತ್ತು. ಶನಿವಾರ ಅಲ್ಲಿ ಹಳೆಯ ಕಾದಾಟದ ಆಟಗಳ ಪಂದ್ಯ. ಓಡೀಲಿಯಾ ಕೊನೆಯ ಎಂಟು ಜನರಲ್ಲಿ ಬಂದಿದ್ದಳು. ಅವಳ ಹಳೆಯ ಆಟದ ಪೆಟ್ಟಿಗೆ ಮೊನ್ನೆ ಕಣ್ಣು ಮುಚ್ಚಿತ್ತು. ಅದೇ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಇದೆಯಲ್ಲ, ಅದನ್ನು ಹಾಕಿಕೊಂಡು ರೈಲಿನ ಇಪ್ಪತ್ತಾರು ಗಂಟೆ ಕೈ ಪಳಗಿಸಿಕೊಳ್ಳಬೇಕು. ಚೀಲದಲ್ಲಿ ಹಿಡಿಯುವಂಥದ್ದು ಒಂದು ಬೇಕಿತ್ತು, ಅಷ್ಟೇ.

ಅಷ್ಟೇ ಅಂದರೆ ಅಷ್ಟೇ ಅಲ್ಲ. ಅವಳು ಆಡುವುದು ಕಿವಿಯಿಂದ. ಎದುರಾಳಿಯ ಹೆಜ್ಜೆ ಎಡಗಿವಿಯಲ್ಲೋ ಬಲಗಿವಿಯಲ್ಲೋ, ಎಗರಿದ್ದು ಯಾವಾಗ, ನೆಲಕ್ಕೆ ಬಿದ್ದದ್ದು ಎಲ್ಲಿ, ಎಲ್ಲವೂ ಸದ್ದಿನಲ್ಲೇ ಅವಳಿಗೆ ಗೊತ್ತಾಗಬೇಕು. ಹೋದ ವರ್ಷ ಸೆಮಿಫೈನಲ್ಲಿನಲ್ಲಿ ಡೆಟ್ರಾಯಿಟಿನ ಮಾರ್ವಾ ಅವಳ ತಲೆಯ ಮೇಲಿಂದ ಹಾರಿ ಬೆನ್ನ ಹಿಂದೆ ಇಳಿದು ಒದ್ದಿದ್ದಳು. ಒಂದು ಸಲವಲ್ಲ, ಆರು ಸಲ. ಓಡೀಲಿಯಾಗೆ ಕೇಳಿಸಿತ್ತು, ಕೈ ಮಾತ್ರ ತಡವಾಗಿತ್ತು. ಪಂದ್ಯಕ್ಕೆ ಮುಂಚಿನ ಎರಡು ತಿಂಗಳು ಯಾರದೋ ಲ್ಯಾಪ್‌ಟಾಪಿನಲ್ಲಿ ಆಡಿದ್ದೇ ತಪ್ಪಾಗಿತ್ತು. ಅದರಲ್ಲಿ ಸದ್ದು ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು, ಕೈಯೂ ಅದಕ್ಕೇ ಒಗ್ಗಿ ಕೆಟ್ಟಿತ್ತು. ಮತ್ತೆ ಹಾಗಾಗಲು ಬಿಡುವುದಿಲ್ಲ ಎಂದು ಅವಳು ಹಠ ತೊಟ್ಟಿದ್ದಳು.

ಮೊದಲು ತೋರಿಸಿದ ಪುಟ್ಟ ಲ್ಯಾಪ್‌ಟಾಪಿನಲ್ಲಿ ಕಾದಾಟ ಬಿಸಿಯೇರುತ್ತಲೇ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಶುರುಹಚ್ಚಿಕೊಂಡು ಹೆಜ್ಜೆ ಸದ್ದನ್ನೆಲ್ಲ ನುಂಗಿತು. ಎರಡನೆಯದು ಕೈಯಲ್ಲೇ ಹಿಡಿದು ಆಡುವಂಥದ್ದು, ಮಾವ ಮೆಚ್ಚಿದ ಕನ್ನಡಿ ಪರದೆಯದ್ದು. ಅದರಲ್ಲಿ ಇಬ್ಬರೂ ಒಟ್ಟಿಗೆ ಒದ್ದಾಗ ಸದ್ದು ಪರಪರ ಹರಿಯುತ್ತಿತ್ತು.

“ಇವೆರಡು ಬಿಟ್ರೆ ಸಣ್ಣವು ಬೇರೆ ಇಲ್ಲಮ್ಮ,” ಎಂದ ವರ್ಲಿನ್.

“ಮತ್ತೆ ಅಂಗಡೀಲಿ ಹಾಡು ಹಾಡ್ತಿರೋದು ಯಾವುದು? ಬಂದಾಗಿಂದ ಕೇಳ್ತಿದೀನಿ, ಅದರ ಫ್ಯಾನ್ ಸದ್ದೇ ಇಲ್ಲ.”

ವರ್ಲಿನ್ ಹಿಂದೆ ತಿರುಗಿ ಕಪಾಟಿನಿಂದ ಒಂದು ಕಪ್ಪು ಪೆಟ್ಟಿಗೆ ತೆಗೆದು ಅವಳ ಅಂಗೈ ಮೇಲಿಟ್ಟ. ಬರೀಟೊ ಅನ್ನೋ ರೊಟ್ಟಿ ಸುರುಳಿ ಕಟ್ಟಿಕೊಡುವ ಪೊಟ್ಟಣದಷ್ಟು ದಪ್ಪ, ಅದರ ಅರ್ಧದಷ್ಟು ಉದ್ದ. “ಇದು ಕಂಪ್ಯೂಟರೇ. ಆದ್ರೆ ಪರದೆ ಇಲ್ಲ, ಬ್ಯಾಟರೀನೂ ಇಲ್ಲ. ವೈರು ಚುಚ್ಚಲೇಬೇಕು.”

“ರೈಲಿನ ಸೀಟಿಗೆ ಪ್ಲಗ್ ಇದೆ.” ಅವಳ ಕೆನ್ನೆ ಕೆಂಪೇರಿತು. “ಹಾಕಿ ಕೊಡಿ, ಬೇಗ.”

ವರ್ಲಿನ್ ಅಂಗಡಿಯ ಟಿವಿಗೆ ಅದನ್ನು ಸಿಕ್ಕಿಸಿ ಆಟ ಹಾಕಿದ. ಮಾವ ಟಿವಿಗೆ ಮೂಗು ತಾಗಿಸಿ ನಿಂತು ತನ್ನ ಕೆಲಸ ಶುರು ಮಾಡಿದ. “ಎಡಕ್ಕೆ ಬಂದ... ಎಗರಿದ... ಒದ್ದ ನೋಡು, ಒದ್ದ...”

“ತಡ,” ಎಂದಳು ಓಡೀಲಿಯಾ. ಅವಳ ಮುಖ ಬಾಡಿತು. “ಇದೂ ತಡ.”

“ಚಿತ್ರ ಬೆಣ್ಣೆ ಥರಾ ಓಡ್ತಿದೆಯಲ್ಲೇ.”

“ಅದೇ ಮಾವ. ಬೆಣ್ಣೆ ಥರಾ ಓಡೋದೇ ಯಾಕೆ?” ಅವಳು ಸಟ್ಟನೆ ವರ್ಲಿನ್ ಕಡೆ ತಿರುಗಿದಳು. “ನೀವೇನಾದ್ರೂ ಮಾಡಿದೀರಾ?”

ವರ್ಲಿನ್ ತಲೆ ಕೆರೆದುಕೊಂಡ. “ಚಿತ್ರ ಮುಗ್ಗರಿಸಬಾರದು ಅಂತ ಸದ್ದನ್ನ ಒಂಚೂರು ಹಿಂದೆ ತಡೆದಿಡ್ತೀವಿ. ಎಲ್ಲರೂ ಹಾಗೇ ಮಾಡೋದಮ್ಮ.”

“ಎಲ್ಲರೂ ಅಂದ್ರೆ ಕಣ್ಣಿರೋರು. ತೆಗೀರಿ ಅದನ್ನ. ಚಿತ್ರ ಹಾಳಾಗಿ ಹೋಗ್ಲಿ.”

ವರ್ಲಿನ್ ನಾಲ್ಕು ಕಡೆ ಏನೇನೋ ಒತ್ತಿದ. ಟಿವಿಯಲ್ಲಿ ಕಾದಾಳುಗಳು ಸೊಂಟದಲ್ಲಿ ತುಂಡಾಗಿ, ಮೇಲಿನ ಭಾಗ ಒಂದು ಕಡೆ ಕೆಳಗಿನದು ಇನ್ನೊಂದು ಕಡೆ ನಡೆಯತೊಡಗಿದರು. “ಅಯ್ಯೋ ದೇವರೇ,” ಎಂದು ಮಾವ ಕಣ್ಣು ಮುಚ್ಚಿಕೊಂಡ. ಓಡೀಲಿಯಾ ಮಾತ್ರ ಗುಂಡಿ ಒತ್ತಿದಳು, ಒದೆ ಕೇಳಿತು. ಒತ್ತಿದಳು, ಕೇಳಿತು. ಬೆರಳ ತುದಿಯಲ್ಲೇ ಸದ್ದು ಹುಟ್ಟುತ್ತಿದೆ ಅನ್ನಿಸಿತು. ಎದುರಾಳಿ ತಲೆಯ ಮೇಲಿಂದ ಹಾರಿದ, ಎಡಗಿವಿಯಿಂದ ಬಲಗಿವಿಗೆ ದಾಟಿದ, ಅವಳ ಹೆಬ್ಬೆರಳು ಅವನಿಗಿಂತ ಮುಂಚೆ ತಿರುಗಿ ಕಾದಿತ್ತು. ಸಂತೋಷ ತಡೆಯಲಾರದೆ ಅವಳು ನಿಂತಲ್ಲೇ ಕುಣಿದಳು.

“ಇದೇ. ಮಾವ, ಇದೇ ಬೇಕು. ಮಾರ್ವಾ ಸತ್ತಳು ಅಂತ ತಿಳ್ಕೊ.”

ಮಾವ “ಹೂಂ” ಅಂದ, ಅಷ್ಟೇ. ಬಸ್ಸು ಓಡಿಸಿಕೊಂಡೇ ಮೂವತ್ತು ವರ್ಷ ಮಾತಾಡಿದ ಮನುಷ್ಯ ಒಂದಕ್ಷರದಲ್ಲಿ ಮುಗಿಸಿದರೆ ಅದು ಎದ್ದು ಕಾಣುತ್ತದೆ. ಓಡೀಲಿಯಾ ಹೆಡ್‌ಫೋನ್ ಇಳಿಸಿದಳು.

“ಏನಾಯ್ತು?”

“ಏನಿಲ್ಲ. ಅಲ್ಲ ಕಣೇ, ಪರದೆನೇ ಇಲ್ಲದಿದ್ರೆ ರೈಲಲ್ಲಿ ನಾನೇನ್ ನೋಡ್ಲಿ? ನಿಂಗೇನ್ ಹೇಳ್ಲಿ?”

ಕಣ್ಣು ಹೋದ ವರ್ಷ ಅವಳು ಆಟದ ಪೆಟ್ಟಿಗೆಯನ್ನು ಮೂಲೆಗೆ ಎಸೆದಿದ್ದಳು. ಎಲೋಯ್ ಅದನ್ನು ಎತ್ತಿ ತಂದು, ಕೆಲಸ ಮುಗಿಸಿ ಬಂದ ಪ್ರತಿ ಸಂಜೆ ಪಕ್ಕದಲ್ಲಿ ಕೂತು, ಈಗ ಎಗರಿದ, ಈಗ ಒದ್ದ ಎಂದು ಗಂಟಲು ಹರಿದುಕೊಂಡಿದ್ದ. ಇಪ್ಪತ್ತೆರಡು ವರ್ಷದಿಂದ ಹಾಗೇ ನಡೆದುಬಂದಿತ್ತು. ಇವತ್ತಿನ ರೈಲಿಗೂ ಎರಡು ಟಿಕೆಟ್ ತೆಗೆಸಿದ್ದ.

ಅವಳು ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟಳು. ಕನ್ನಡಿ ಪರದೆಯದ್ದನ್ನೇ ತೆಗೆದುಕೊಂಡು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಶನಿವಾರ ಮಾರ್ವಾ ಮತ್ತೆ ತಲೆ ದಾಟಿ ಹಾರುತ್ತಾಳೆ.

“ಮಾವ, ಬೇಜಾರ್ ಮಾಡ್ಕೋಬೇಡ. ನೀನು ‘ಒದ್ದ’ ಅನ್ನೋ ಹೊತ್ತಿಗೆ ನಾನು ಒದೆ ತಿಂದಾಗಿರುತ್ತೆ.”

“ಯಾವಾಗಿಂದ?”

“ಹನ್ನೊಂದು ವರ್ಷದವಳಿದ್ದಾಗಿಂದ.”

ವರ್ಲಿನ್ ಒರೆಸಿದ ಕೌಂಟರನ್ನೇ ಮತ್ತೆ ಒರೆಸತೊಡಗಿದ.

“ಬಾಯಿ ಮುಚ್ಚು ಅಂತ ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?” ಎಂದ ಮಾವ.

“ಎದ್ದು ಹೋಗ್ಬಿಟ್ರೆ ಅಂತ ಭಯ ಇತ್ತು. ಆಟ ಹೇಗಾದ್ರೂ ಆಡ್ತಿದ್ದೆ. ಪಕ್ಕದಲ್ಲಿ ನೀನಿಲ್ಲದೆ ಕೂತಿರೋಕೆ ನನ್ನಿಂದ ಆಗ್ತಿರ್ಲಿಲ್ಲ.”

ಎಲೋಯ್ ಮೂಗು ಒರೆಸಿಕೊಂಡ. ಟಿವಿಯಲ್ಲಿ ತುಂಡುತುಂಡಾಗಿ ಕುಣಿಯುತ್ತಿದ್ದವರನ್ನು ಒಂದು ಗಳಿಗೆ ನೋಡಿದ. ಆಮೇಲೆ ವರ್ಲಿನ್‌ಗೆ ಹೇಳಿದ, “ಕಟ್ಟಿಕೊಡಪ್ಪ ಇದನ್ನೇ. ಸ್ವಿಚ್ ಒತ್ತಿದ ಕೂಡ್ಲೇ ಆಟ ಶುರುವಾಗೋ ಹಾಗೆ ಮಾಡ್ಕೊಡು. ಇನ್ನೊಂದು ಹೆಡ್‌ಫೋನ್ ಇದೆಯಾ? ವೈರಿಂದು. ಒಂದೇ ತೂತಿಗೆ ಎರಡು ಸಿಕ್ಕಿಸೋಕೆ ಆಗುತ್ತಲ್ಲ?”

“ಆಗುತ್ತೆ. ಯಾಕೆ?”

“ಮತ್ತೆ ಇಪ್ಪತ್ತಾರು ಗಂಟೆ ಗೋಡೆ ಜೊತೆ ಆಡ್ತಾಳಾ ಇವಳು? ಇನ್ನೊಂದು ಕಂಟ್ರೋಲರ್ ಕೊಡು.”

ರೈಲು ಹತ್ತು ನಿಮಿಷ ತಡವಾಗಿ ಹೊರಟಿತು. ಮೊದಲ ಆಟದಲ್ಲಿ ಎಲೋಯ್ ಎಂಟೇ ಸೆಕೆಂಡಿಗೆ ಸತ್ತ. ಎರಡನೆಯದರಲ್ಲಿ ಒಂಬತ್ತು. “ಯಾವ ಕಡೆ ಬಂದ್ಯೋ ಗೊತ್ತೇ ಆಗ್ಲಿಲ್ಲ ಕಣೇ,” ಎಂದು ಗೊಣಗಿದ.

“ಕಿಟಕಿ ನೋಡ್ಬೇಡ. ಕಣ್ಣು ಮುಚ್ಕೊ. ಮಾರ್ವಾ ಥರಾ ನನ್ನ ತಲೆ ಮೇಲಿಂದ ಹಾರು.”

ಅವನು ಕಣ್ಣು ಮುಚ್ಚಿ ಹಾರಿದ. ಒದೆ ತಿಂದ. ಮತ್ತೆ ಹಾರಿದ. ರಾಟೋನ್ ನಿಲ್ದಾಣ ಬರುವ ಹೊತ್ತಿಗೆ ನಲವತ್ತು ಸಲವೋ ಐವತ್ತು ಸಲವೋ ಹಾರಿ ಒದೆ ತಿಂದಿದ್ದ. ಒಂದು ಸಲ ಮಾತ್ರ ಅವಳೇ ಎಗರಿದಾಗ, ಅವಳು ನೆಲ ಮುಟ್ಟುವ ಮುಂಚೆ ಅವನು “ಬಲಗಡೆ” ಎಂದು ಪಿಸುಗುಟ್ಟಿ ತಿರುಗಿ ಅವಳ ಒದೆಯನ್ನು ತಡೆದ.

ಟಿಕೆಟ್ ನೋಡಲು ಬಂದ ಕಂಡಕ್ಟರ್ ಆ ಸೀಟಿನ ಬಳಿ ನಿಂತಳು. ಮುದುಕನೊಬ್ಬ, ಹೆಂಗಸೊಬ್ಬಳು ಹೆಡ್‌ಫೋನ್ ಹಾಕಿಕೊಂಡು, ಒಂದೇ ಹೊದಿಕೆ ಹೊದ್ದು, ಭುಜಕ್ಕೆ ಭುಜ ತಾಗಿಸಿ ಕಣ್ಣು ಮುಚ್ಚಿದ್ದರು. ನಿದ್ದೆ ಎಂದುಕೊಂಡು, ಇಳಿಯುವ ಊರು ಬರೆದ ಚೀಟಿಯನ್ನು ಅವರ ತಲೆಯ ಮೇಲಿನ ಪಟ್ಟಿಗೆ ಸಿಕ್ಕಿಸಿ, ಸದ್ದಾಗದಂತೆ ಹೆಜ್ಜೆಯಿಡುತ್ತ ಮುಂದೆ ಹೋದಳು. ಹೊದಿಕೆಯ ಕೆಳಗೆ ನಾಲ್ಕು ಹೆಬ್ಬೆರಳುಗಳು ಓಡುತ್ತಲೇ ಇದ್ದವು.